ಶಾಫ್ಟಿನ ಹೆಸರೇ ವಿಳಾಸ

ಕೋಲಾರ ಚಿನ್ನದ ಗಣಿಯಲ್ಲಿ, ಅಂದರೆ ಕೆಜಿಎಫ್‌ನಲ್ಲಿ, ಬೆಳೆದವರನ್ನು ‘ನಿಮ್ಮದು ಯಾವ ಕಡೆ?’ ಎಂದು ಕೇಳಿದರೆ ಬೀದಿಯ ಹೆಸರನ್ನೋ ಗುಡಿಯ ಹೆಸರನ್ನೋ ಹೇಳುವವರು ಕಡಿಮೆ. ಬುಲನ್ಸ್ ಶಾಫ್ಟ್, ಎಡ್ಗರ್ಸ್ ಶಾಫ್ಟ್, ಗಿಫರ್ಡ್ಸ್ ಶಾಫ್ಟ್, ಹೆನ್ರೀಸ್ ಶಾಫ್ಟ್ ಎಂದು ಗಣಿಬಾವಿಯ ಹೆಸರನ್ನೇ ಹೇಳುತ್ತಾರೆ. ಈ ಬುಲನ್ ಯಾರು, ಎಡ್ಗರ್ ಯಾರು ಎಂಬುದು ಅಲ್ಲಿಯ ಮಕ್ಕಳಿಗೆ ಬೇಕಿರಲಿಲ್ಲ. ಅಪ್ಪ ಇಳಿಯುವ ಬಾವಿಯ ಹೆಸರು ತಮ್ಮ ಮನೆಗಳ ಸಾಲಿಗೂ ಇದೆ, ಅಷ್ಟು ಸಾಕಿತ್ತು. ಆಟದ ತಂಡಗಳು ಆ ಹೆಸರಿನಲ್ಲೇ ಕಟ್ಟಿಕೊಳ್ಳುತ್ತಿದ್ದವು, ಜಗಳಗಳೂ ಅದೇ ಹೆಸರಿನಲ್ಲೇ ನಡೆಯುತ್ತಿದ್ದವು.

ಆ ವಿಳಾಸದ ಹಿಂದೆ ಒಂದು ಕರಾರು ಇತ್ತು. ಅಪ್ಪ ಆ ಬಾವಿಗೆ ಇಳಿಯುವವರೆಗೆ ಮಾತ್ರ ಮಗುವಿಗೆ ಆ ಮನೆ. ಕೆಜಿಎಫ್‌ನ ಚರಿತ್ರೆಯನ್ನು ಚಿನ್ನದ ತೂಕದಲ್ಲಿ, ಬಾವಿಯ ಆಳದಲ್ಲಿ, ಕಂಪನಿಯ ಲಾಭಾಂಶದಲ್ಲಿ ಬರೆದವರು ಬಹಳ ಮಂದಿ. ಈ ಕರಾರಿನೊಳಗೆ ಬೆಳೆದ ಮಕ್ಕಳ ಕಡೆಯಿಂದ ನೋಡಿದರೆ ಅದೇ ಚರಿತ್ರೆ ಬೇರೆ ರೀತಿ ಕಾಣುತ್ತದೆ.

ಬರಗಾಲದವರು ಕಟ್ಟಿದ ಊರು

ಕೋಲಾರದ ಮಣ್ಣಿನಲ್ಲಿ ಚಿನ್ನವಿದೆ ಎಂಬುದು ಬ್ರಿಟಿಷರು ಕಂಡುಹಿಡಿದ ಸಂಗತಿಯಲ್ಲ. ಮೈಸೂರಿನ ಗಡಿ ಸರ್ವೆಗೆಂದು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಉರಿಗಾಂ ಸುತ್ತಮುತ್ತ ವಿಚಾರಿಸಿದಾಗ, ಮಣ್ಣನ್ನು ತೊಳೆದು ಚಿನ್ನದ ಕಣ ತೆಗೆಯುವ ವಿದ್ಯೆ ಅಲ್ಲಿಯ ಹಳ್ಳಿಗರ ಕೈಯಲ್ಲಿ ಆಗಲೇ ಇತ್ತು. ಅದನ್ನು ಉದ್ಯಮವಾಗಿ ನೋಡಿದವನು ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ಲೆ. ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬಂದು ಬೆಂಗಳೂರಿನಲ್ಲಿ ನೆಲೆ ನಿಂತಿದ್ದ ಈ ಐರಿಷ್ ಸೈನಿಕ ಮೈಸೂರು ಸರ್ಕಾರದಿಂದ 1875ರಲ್ಲಿ ಗಣಿಗಾರಿಕೆಯ ಹಕ್ಕು ಪಡೆದ. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆ ಇವನ ಹೆಸರಿನದೇ. ಹಣ ಸಾಲದೆ ಅವನ ಹಕ್ಕು ಕೈಬದಲಾಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಿತು. ಕೆಲವು ವರ್ಷ ಏನೂ ಸಿಗದೆ ಪಾಲುದಾರರು ಕೈಚೆಲ್ಲುವ ಹೊತ್ತಿಗೆ ಚಾಂಪಿಯನ್ ರೀಫ್ ಎಂಬ ಚಿನ್ನದ ಪದರ ಸಿಕ್ಕಿತು. ಮುಂದಿನ ನೂರಕ್ಕೂ ಹೆಚ್ಚು ವರ್ಷ ಊರು ನಿಂತದ್ದು ಆ ಪದರದ ಮೇಲೆ.

ಬಂಡೆಯನ್ನು ಒಡೆಯಲು ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ನುರಿತ ಗಣಿಗರು ಬಂದರು. ಇಟಲಿಯವರೂ ಬಂದರು. ಅವರ ಕೈಕೆಳಗೆ ದುಡಿಯುವ ಸಾವಿರಾರು ಜನ ಎಲ್ಲಿಂದ ಬರಬೇಕು? ಕೋಲಾರದ ರೈತರು ಹೊಲ ಬಿಟ್ಟು ನೆಲದೊಳಗೆ ಇಳಿಯಲು ಹಿಂದೇಟು ಹಾಕಿದರು. ಮದ್ರಾಸ್ ಪ್ರಾಂತ್ಯದ ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯವರಿಗೆ ಆ ಆಯ್ಕೆ ಇರಲಿಲ್ಲ. 1876–78ರ ಮಹಾಕ್ಷಾಮ ಅವರ ಊರುಗಳನ್ನು ಆಗಷ್ಟೇ ಹಾದುಹೋಗಿತ್ತು. ಅವರಲ್ಲಿ ಬಹುಪಾಲು ಜನ ಭೂಮಿಯಿಲ್ಲದ ದಲಿತರು. ಜಮೀನ್ದಾರನ ಹೊಲದಲ್ಲಿ ಜೀತ ಮಾಡುವುದಕ್ಕಿಂತ ಕತ್ತಲೆಯ ಬಾವಿಯೇ ವಾಸಿ ಅನ್ನಿಸಿದವರು ಕಂಟ್ರಾಕ್ಟರುಗಳ ಹಿಂದೆ ಹೆಂಡತಿ ಮಕ್ಕಳೊಡನೆ ಬಂದರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗೆ ರೈಲು ಹಾಕಿದ ಮೇಲೆ ಬರುವವರ ದಾರಿ ಇನ್ನೂ ಸಲೀಸಾಯಿತು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಗಣಿಯಲ್ಲಿ ಸುಮಾರು 30,000 ಜನ ದುಡಿಯುತ್ತಿದ್ದರು.

ಬಂದವರಿಗೆ ಸಿಕ್ಕಿದ್ದು ತಟ್ಟಿ ಮನೆ. ಬಿದಿರಿನ ತಟ್ಟಿಯೇ ಗೋಡೆ. ಒಂದೇ ಕೋಣೆ, ಮುಂದೆ ಒಂದು ಚಿಕ್ಕ ಜಗಲಿ. ಅಂಥ ಮನೆಗಳ ಸಾಲಿಗೆ ಕೂಲಿ ಲೈನ್ ಎಂಬ ಹೆಸರು. ಸಾಲಿಗೆಲ್ಲ ಸೇರಿ ಒಂದೆರಡು ನಲ್ಲಿ, ಒಂದು ಸಾಲು ಪಾಯಿಖಾನೆ. ಪ್ಲೇಗಿನ ಭಯದ ದಿನಗಳಲ್ಲಿ, ಗಣಿ ಪ್ರದೇಶದ ಇಕ್ಕಟ್ಟು ತಗ್ಗಿಸಲು ರಾಬರ್ಟ್‌ಸನ್‌ಪೇಟೆ ಕಟ್ಟಿದರು. ಮೈಸೂರಿನ ರೆಸಿಡೆಂಟ್ ಆಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನ ಆ ಪೇಟೆಗೆ ವ್ಯಾಪಾರಿಗಳು, ಮಾರ್ವಾಡಿ ಸಾಹುಕಾರರು, ಗುಮಾಸ್ತರು ಬಂದು ನೆಲೆಸಿದರು. ಗಣಿಯವರು ಬಾವಿಯ ಪಕ್ಕದಲ್ಲೇ ಉಳಿದರು. ಶಿಫ್ಟಿನ ಸೈರನ್ ಕೇಳುವಷ್ಟು ಹತ್ತಿರ ಅವರು ಇರುವುದು ಕಂಪನಿಗೂ ಬೇಕಿತ್ತು.

ಬೆಳಕು ಬಂದ ಕ್ರಮ

ಕೆಜಿಎಫ್ ಬಗ್ಗೆ ಎಲ್ಲರೂ ಹೆಮ್ಮೆಯಿಂದ ಹೇಳುವ ಸಂಗತಿ 1902ರದು. ಶಿವನಸಮುದ್ರದಲ್ಲಿ ಕಾವೇರಿಯಿಂದ ತಯಾರಾದ ವಿದ್ಯುತ್ತು ಸುಮಾರು 147 ಕಿ.ಮೀ. ದೂರ ತಂತಿಯ ಮೇಲೆ ಹರಿದು ಗಣಿ ತಲುಪಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ತಂತಿಮಾರ್ಗಗಳಲ್ಲಿ ಒಂದು ಅದು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಮೂರು ವರ್ಷ ಕಳೆದು, 1905ರಲ್ಲಿ. ‘ಬೆಂಗಳೂರಿಗಿಂತ ಮೊದಲು ನಮ್ಮೂರಿಗೆ ಕರೆಂಟು ಬಂತು’ ಎಂದು ಕೆಜಿಎಫ್‌ನವರು ಇಂದಿಗೂ ಹೇಳಿಕೊಳ್ಳುತ್ತಾರೆ.

ಮಾತು ನಿಜ. ಆದರೆ ಆ ವಿದ್ಯುತ್ತು ಬಂದದ್ದು ಯಂತ್ರಗಳಿಗಾಗಿ. ಅದಿರು ಕುಟ್ಟುವ ಸ್ಟ್ಯಾಂಪ್ ಮಿಲ್‌ಗಳಿಗೆ ಮೊದಲು, ಆಮೇಲೆ ಬಂಗಲೆಗಳಿಗೆ, ಕ್ಲಬ್ಬಿಗೆ. ಕೂಲಿ ಲೈನಿನ ಸರದಿ ಬಹಳ ಹಿಂದೆ ಇತ್ತು. ಬುಡ್ಡಿ ದೀಪದ ಮುಂದೆ ಕೂತ ಮಕ್ಕಳ ಕಿವಿಗೆ ವಿದ್ಯುತ್ತು ಶಬ್ದವಾಗಿಯೇ ಮೊದಲು ಬಂತು. ಹಗಲು ರಾತ್ರಿ ಬಿಡುವಿಲ್ಲದೆ ಕಲ್ಲು ಕುಟ್ಟುವ ಆ ಸದ್ದಿಗೆ ಒಗ್ಗಿಕೊಂಡೇ ತಲೆಮಾರುಗಳು ನಿದ್ದೆ ಮಾಡಿದವು.

ನೀರಿನ ಕಥೆಯೂ ಹಾಗೆಯೇ. ಪಾಲಾರ್ ನದಿಗೆ ಅಡ್ಡಲಾಗಿದ್ದ ಬೇತಮಂಗಲದ ಕೆರೆಯಿಂದ ಗಣಿಗೆ ಕೊಳವೆ ನೀರು ಬಂತು. ಬಂಗಲೆಯ ತೋಟಕ್ಕೆ ಅದು ಹರಿದು ಬಂದರೆ, ಲೈನಿನ ಮಕ್ಕಳು ಕೊಡ ಹಿಡಿದು ಸಾಲು ನಿಂತು ಅದನ್ನು ತರಬೇಕಿತ್ತು. ಶಾಲೆಗೆ ಹೊರಡುವ ಮುನ್ನ ನಲ್ಲಿಯ ಮುಂದೆ ಕೊಡಕ್ಕೆ ಜಾಗ ಹಿಡಿಯುವುದು ಹೆಣ್ಣುಮಕ್ಕಳ ದಿನದ ಮೊದಲ ಕೆಲಸ.

ಊರಿಗೆ ‘ಲಿಟಲ್ ಇಂಗ್ಲೆಂಡ್’ ಎಂಬ ಹೆಸರೂ ಇತ್ತು. ತಂಪು ಹವೆ, ಕೆಂಪು ಹೆಂಚಿನ ಬಂಗಲೆ, ಗಾಲ್ಫ್ ಮೈದಾನ, ಕ್ಲಬ್ಬು, ಚರ್ಚಿನ ಗಂಟೆ. ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಬೇರೆ ಶಾಲೆ, ಬೇರೆ ಬೀದಿ, ಬೇರೆ ಆಟದ ಬಯಲು. ಆ ಇಂಗ್ಲೆಂಡಿನ ಬೇಲಿಯ ಈಚೆ ನಿಂತು ನೋಡುತ್ತಿದ್ದ ಮಕ್ಕಳ ಬದುಕಿನಲ್ಲಿ ಬೇರೆಯೇ ಒಂದು ಊರು ಇತ್ತು. ಮನೆಯಲ್ಲಿ ತಮಿಳು ಇಲ್ಲವೇ ತೆಲುಗು, ತಾಲ್ಲೂಕು ಕಚೇರಿಯಲ್ಲಿ ಕನ್ನಡ, ಗಣಿಯ ಆಫೀಸಿನಲ್ಲಿ ಇಂಗ್ಲಿಷು, ಪೇಟೆಯಲ್ಲಿ ಇವೆಲ್ಲದರ ಜೊತೆ ಉರ್ದು. ಒಂದು ದಿನದಲ್ಲಿ ನಾಲ್ಕು ಭಾಷೆ ದಾಟುವುದು ಅಲ್ಲಿಯ ಮಗುವಿಗೆ ವಿಶೇಷವೇ ಅಲ್ಲ. ಕ್ರಿಸ್‌ಮಸ್ಸೂ ಮಾರಿಯಮ್ಮನ ಜಾತ್ರೆಯೂ ಎಲ್ಲರ ಹಬ್ಬ.

ಕೆಳಗಡೆ, ಮೇಲ್ಗಡೆ

ಲೈನಿನಲ್ಲಿ ಕೆಲಸ ಎಂದರೆ ಎರಡೇ ಜಾತಿ: ಕೆಳಗಡೆ ಕೆಲಸ, ಮೇಲ್ಗಡೆ ಕೆಲಸ. ಅಪ್ಪ ಕೆಳಗಡೆಯವನು ಎಂದರೆ ಮಗುವಿಗೆ ಅನೇಕ ವಿಷಯ ತಾನೇ ತಾನಾಗಿ ಗೊತ್ತಾಗುತ್ತಿತ್ತು. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಹಗಲು ಮಲಗುತ್ತಾನೆ. ಇರುವುದು ಒಂದೇ ಕೋಣೆ, ಆದ್ದರಿಂದ ಮಕ್ಕಳೆಲ್ಲ ಹೊರಗೆ. ಬಿಸಿಲಿರಲಿ ಮಳೆಯಿರಲಿ, ಅಪ್ಪ ಏಳುವವರೆಗೆ ಬಾಗಿಲು ತಟ್ಟುವ ಹಾಗಿಲ್ಲ. ಕೆಜಿಎಫ್‌ನ ಬಯಲುಗಳಲ್ಲಿ ಫುಟ್‌ಬಾಲು, ಹಾಕಿ ಅಷ್ಟೊಂದು ಬೆಳೆದದ್ದಕ್ಕೆ ಸಾಹೇಬರ ಕ್ಲಬ್ಬುಗಳ ಜೊತೆಗೆ ಈ ಮೂರು ಪಾಳಿಯ ನಿದ್ದೆಯೂ ಕಾರಣವಿರಬೇಕು.

ಆಡಲು ಇನ್ನೊಂದು ಜಾಗವಿತ್ತು, ಸೈನೈಡ್ ಗುಡ್ಡ. ಪುಡಿ ಮಾಡಿದ ಅದಿರಿನಿಂದ ಸೈನೈಡ್ ದ್ರಾವಣದ ಮೂಲಕ ಚಿನ್ನ ತೆಗೆದ ಮೇಲೆ ಉಳಿದ ಬೂದು ಬಣ್ಣದ ಹಿಟ್ಟನ್ನು ಕಂಪನಿ ಊರ ನಡುವೆಯೇ ಸುರಿಯುತ್ತ ಹೋಯಿತು. ವರ್ಷ ವರ್ಷವೂ ಬೆಳೆದು ಅವು ಗುಡ್ಡಗಳಾದವು. ಇಂದು ಆ ಗುಡ್ಡಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ತ್ಯಾಜ್ಯ ಬಿದ್ದಿದೆ. ಮಳೆಗಾಲದಲ್ಲಿ ಕೊರೆದು ಕೊರಕಲಾಗುವ ಆ ಇಳಿಜಾರಿನಲ್ಲಿ ಜಾರಿ ಆಡುವುದು ಮಕ್ಕಳಿಗೆ ಖುಷಿ. ಬೇಸಿಗೆಯ ಗಾಳಿಗೆ ಅದೇ ಹಿಟ್ಟು ಎದ್ದು ಅನ್ನದ ಪಾತ್ರೆಯವರೆಗೆ ಬರುತ್ತಿತ್ತು. ಒಣಗಲು ಹಾಕಿದ ಬಟ್ಟೆಯನ್ನು ಕೊಡವಿಯೇ ತೊಡಬೇಕು. ಮುಂದೆ ಸಿನಿಮಾದವರು ಹಾಡಿನ ಚಿತ್ರೀಕರಣಕ್ಕೆ, ಹೊಡೆದಾಟಕ್ಕೆ ಹುಡುಕಿಕೊಂಡು ಬಂದದ್ದು ಈ ಗುಡ್ಡಗಳನ್ನೇ.

ಮಕ್ಕಳಿಗೆ ಗಣಿ ಆಟವಲ್ಲ ಎಂದು ಕಲಿಸಿದ್ದು ಏರ್ ಬ್ಲಾಸ್ಟ್. ಆಳದಲ್ಲಿ ಬಂಡೆಯನ್ನು ತೆಗೆಯುತ್ತ ಹೋದಂತೆ ಮೇಲಿನ ಭಾರವೆಲ್ಲ ಉಳಿದ ಬಂಡೆಯ ಮೇಲೆ ಬಿದ್ದು, ಒಂದು ಗಳಿಗೆಯಲ್ಲಿ ಅದು ಸಿಡಿಯುತ್ತದೆ. ತಜ್ಞರು ಅದನ್ನು ರಾಕ್ ಬರ್ಸ್ಟ್ ಎನ್ನುತ್ತಾರೆ, ಊರಿನವರಿಗೆ ಅದು ಏರ್ ಬ್ಲಾಸ್ಟ್. ಕೆಳಗೆ ಸಿಡಿದರೆ ಮೇಲೆ ಭೂಮಿ ನಡುಗುತ್ತದೆ, ಗೂಡಿನ ಪಾತ್ರೆ ಉರುಳುತ್ತದೆ, ಗೋಡೆ ಬಿರುಕು ಬಿಡುತ್ತದೆ. ಆಗ ಯಾರ ಮನೆಯ ಗಂಡಸು ಯಾವ ಪಾಳಿಯಲ್ಲಿದ್ದಾನೆ ಎಂಬ ಲೆಕ್ಕ ಲೈನಿನ ಪ್ರತಿ ಮಗುವಿಗೂ ಬಾಯಿಪಾಠ. ಅಮ್ಮಂದಿರು ಒಲೆಯ ಮೇಲಿನದನ್ನು ಹಾಗೆಯೇ ಬಿಟ್ಟು ಶಾಫ್ಟಿನ ಕಡೆ ಓಡಿದರೆ ಮಕ್ಕಳೂ ಹಿಂದೆ ಓಡುತ್ತಿದ್ದರು. ಗಣಿಗರನ್ನು ಇಳಿಸಿ ಏರಿಸುವ ಕೇಜು ಮೇಲೆ ಬಂದಾಗ ಇಳಿಯುವವರ ಮುಖ ಒಂದೊಂದನ್ನೇ ನೋಡುತ್ತ ನಿಲ್ಲುವುದು ಅಲ್ಲಿಯ ಬಾಲ್ಯದ ಭಾಗವೇ ಆಗಿತ್ತು.

ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿಯಿತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ತಂಪು ಗಾಳಿಯನ್ನು ಯಂತ್ರಗಳಿಂದ ಕೆಳಗೆ ತಳ್ಳದೆ ಮನುಷ್ಯ ಅಲ್ಲಿ ನಿಲ್ಲುವ ಹಾಗಿರಲಿಲ್ಲ. ಅಂಥ ಆಳವೇ ಬೇಕೆಂದು ಬಂದವರೂ ಇದ್ದರು. ಹೋಮಿ ಭಾಭಾ ಅವರ ಶಿಷ್ಯ, ನಮ್ಮ ನಂಜನಗೂಡಿನ ಬಿ.ವಿ. ಶ್ರೀಕಂಟನ್, 1950ರ ದಶಕದ ಆರಂಭದಲ್ಲಿ ವಿಶ್ವಕಿರಣಗಳನ್ನು ಅಳೆಯಲು ಈ ಬಾವಿಗಳಿಗೆ ಇಳಿದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನ ಸಹೋದ್ಯೋಗಿಗಳ ಜೊತೆ ಸುಮಾರು 2.3 ಕಿ.ಮೀ. ಆಳದಲ್ಲಿ ವಾತಾವರಣದ ನ್ಯೂಟ್ರಿನೋಗಳ ಸುಳಿವು ಹಿಡಿದರು. ಉಳಿದೆಲ್ಲ ಕಣಗಳನ್ನು ತಡೆಯುವಷ್ಟು ದಪ್ಪ ಬಂಡೆ ತಲೆಯ ಮೇಲಿದ್ದುದರಿಂದ ಅದು ಸಾಧ್ಯವಾಯಿತು. ವಿಜ್ಞಾನಕ್ಕೆ ವರವಾದ ಆ ಬಂಡೆಯನ್ನು ಕೊರೆದವರ ಎದೆಯಲ್ಲಿ ಅದರ ದೂಳು ಉಳಿಯಿತು.

ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು ಕೋಲಾರದ ಗಣಿಯಿಂದಲೇ, 1934ರಲ್ಲಿ. ಮೈಸೂರು ಸಂಸ್ಥಾನ 1940ರಲ್ಲಿ ಅದಕ್ಕೆ ನಿಯಮಗಳನ್ನು ತಂದಿತು. ಆ ದಶಕದಲ್ಲಿ ತಪಾಸಣೆಗೊಳಗಾದ ಕಾರ್ಮಿಕರಲ್ಲಿ ಹತ್ತಕ್ಕೆ ನಾಲ್ವರಿಗೂ ಹೆಚ್ಚು ಮಂದಿಯ ಶ್ವಾಸಕೋಶ ಕೆಟ್ಟಿರುವುದು ಕಂಡುಬಂತು. ಮಕ್ಕಳಿಗೆ ರೋಗದ ಹೆಸರು ತಿಳಿಯದಿದ್ದರೂ ಅದರ ಕೆಮ್ಮು ತಿಳಿದಿತ್ತು. ಮೊನ್ನೆ ಮೊನ್ನೆಯವರೆಗೆ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಹೋಗುತ್ತಿದ್ದ ಅಪ್ಪ ನಲವತ್ತು ದಾಟುವ ಹೊತ್ತಿಗೆ ಜಗಲಿಯ ಮೇಲೆ ಕೂತು ಉಸಿರು ಎಳೆದುಕೊಳ್ಳುತ್ತಿದ್ದ. ಆಗ ಮನೆಯಲ್ಲಿ ಹುಟ್ಟುವ ಪ್ರಶ್ನೆ ಔಷಧದ್ದು ಮಾತ್ರವಲ್ಲ. ಮನೆ ಉಳಿಯಬೇಕಾದರೆ ಯಾರಾದರೂ ಕೆಲಸದಲ್ಲಿರಬೇಕು. ದೊಡ್ಡ ಮಗನ ಓದು ಅಲ್ಲಿಗೆ ನಿಲ್ಲುತ್ತಿತ್ತು. ಹದಿನೆಂಟಾಯಿತೋ ಇಲ್ಲವೋ, ಅಪ್ಪ ಇಳಿದ ಬಾವಿಗೇ ಅವನೂ ಇಳಿಯುತ್ತಿದ್ದ. ವಿಳಾಸ ಉಳಿಯುತ್ತಿತ್ತು.

ಕೈಬಳೆಯೂ ಸಂಜೆ ಶಾಲೆಯೂ

ಗಣಿಯ ಚಿನ್ನ ಲೈನಿನವರ ಕಣ್ಣಿಗೆ ಬೀಳುತ್ತಿರಲಿಲ್ಲ. ಬಿದ್ದರೆ ಅಪಾಯ. ಸಂಸ್ಕರಿಸದ ಚಿನ್ನ ಅಥವಾ ಅದಿರು ಇಟ್ಟುಕೊಳ್ಳುವುದೇ ಅಪರಾಧ ಎಂಬ ಕಾನೂನನ್ನು ಮೈಸೂರು ಸರ್ಕಾರ 19ನೇ ಶತಮಾನ ಮುಗಿಯುವ ಮುನ್ನವೇ ಮಾಡಿತ್ತು. ಪಾಳಿ ಮುಗಿಸಿ ಬಂದವರ ಮೈತಡವುವುದು, ಪಂಜಾಬಿನಿಂದ ಕರೆತಂದ ಕಾವಲುಗಾರರು, ಲೈನಿನ ಮನೆಗಳ ಶೋಧ, ಇವೆಲ್ಲ ದಿನನಿತ್ಯದ ಮಾತು. ಅಪ್ಪನನ್ನು ಕಳ್ಳನಂತೆ ನಿಲ್ಲಿಸಿ ತಡಕುವುದನ್ನು ಕಂಡ ಮಗುವಿಗೆ ಯಾವ ಯೂನಿಯನ್ನಿನ ಭಾಷಣವೂ ಬೇಕಿರಲಿಲ್ಲ.

1930ರಲ್ಲಿ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾರ್ಮಿಕರು ನಂಬರಿನ ಲೋಹದ ಪಟ್ಟಿಯೊಂದನ್ನು ಕೈಗೆ ಕಟ್ಟಿಕೊಳ್ಳಬೇಕೆಂದಿತು. ಕೂಲಿಯ ಬಗ್ಗೆ, ಮನೆಯ ಬಗ್ಗೆ ಅಷ್ಟು ವರ್ಷ ಸಹಿಸಿದ್ದ ಜನ ಈ ಬಳೆಗೆ ತಿರುಗಿ ಬಿದ್ದರು. ಹೇಳಿಕೊಳ್ಳುವಂಥ ಸಂಘಟನೆಯೂ ಇಲ್ಲದೆ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಕಂಪನಿ ಬಳೆಯನ್ನು ಕೈಬಿಡಬೇಕಾಯಿತು. 1940ರ ದಶಕಕ್ಕೆ ಯೂನಿಯನ್ನುಗಳು ಬಂದವು, ಕೆ.ಎಸ್. ವಾಸನ್ ಅವರಂಥ ನಾಯಕರು ಬಂದರು. 1946ರ ಮುಷ್ಕರದ ಕಾಲದಲ್ಲಿ, ನವೆಂಬರ್ 4ರಂದು, ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಸತ್ತರು. ಅವರ ಸ್ಮರಣೆಯ ದಿನ ಇಂದಿಗೂ ಅಲ್ಲಿ ನಡೆಯುತ್ತದೆ.

ಇದಕ್ಕಿಂತ ಕಡಿಮೆ ಸದ್ದಿನ, ಆದರೆ ಮಕ್ಕಳ ಮಟ್ಟಿಗೆ ಹೆಚ್ಚು ದೂರ ಹೋದ ಚಳವಳಿ ಇನ್ನೊಂದು ನಡೆದಿತ್ತು. ಮದ್ರಾಸಿನ ಅಯೋತಿದಾಸ ಪಂಡಿತರು ಕಟ್ಟಿದ ಬೌದ್ಧ ಸಂಘದ ಶಾಖೆ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ 20ನೇ ಶತಮಾನದ ಮೊದಲ ದಶಕದಲ್ಲೇ ಶುರುವಾಯಿತು. ಅವರ ಪತ್ರಿಕೆ ‘ತಮಿಳನ್’ ಲೈನುಗಳಲ್ಲಿ ಓದುವವರಿಂದ ಕೇಳುವವರಿಗೆ ತಲುಪುತ್ತಿತ್ತು. ಪಂಡಿತರು 1914ರಲ್ಲಿ ತೀರಿಕೊಂಡ ನಂತರ, 1920ರ ದಶಕದಲ್ಲಿ ಜಿ. ಅಪ್ಪಾದುರೈಯಾರ್ ಆ ಪತ್ರಿಕೆಯನ್ನು ಕೆಜಿಎಫ್‌ನಿಂದಲೇ ಹೊರಡಿಸಿದರು. ಸಂಘದವರು ಸಂಜೆ ಶಾಲೆಗಳನ್ನು ನಡೆಸಿದರು. ತಮ್ಮ ಹಳ್ಳಿಯಲ್ಲಿ ಶಾಲೆಯ ಒಳಗೆ ಕೂರಲು ಬಿಡದಿದ್ದವರ ಮಕ್ಕಳು ಇಲ್ಲಿ ಅಕ್ಷರ ಕಲಿತರು. ಮಿಷನರಿ ಶಾಲೆಗಳು, ಮುಂದೆ ಕಂಪನಿಯ ಮತ್ತು ಸರ್ಕಾರದ ಶಾಲೆಗಳು ಅದನ್ನು ಮುಂದುವರಿಸಿದವು. 1954ರಲ್ಲಿ ಅಂಬೇಡ್ಕರ್ ಕೆಜಿಎಫ್‌ಗೆ ಬಂದಾಗ ಅವರನ್ನು ನೋಡಲು ಸೇರಿದವರು ಅವರ ವಿಚಾರಗಳಿಗೆ ಹೊಸಬರಾಗಿರಲಿಲ್ಲ.

ಇದರಿಂದ ಒಂದು ಇಕ್ಕಟ್ಟೂ ಹುಟ್ಟಿತು. ಶಾಲೆ ಮಗುವನ್ನು ಗಣಿಯಿಂದ ಆಚೆ ಕಳಿಸಲು ನೋಡುತ್ತಿತ್ತು, ಮನೆ ಅದನ್ನು ಬಾವಿಗೆ ಎಳೆಯುತ್ತಿತ್ತು. ಎರಡನೆಯ, ಮೂರನೆಯ ಮಗ ಓದಿ ಗುಮಾಸ್ತನೋ ಮೇಷ್ಟ್ರೋ ರೈಲ್ವೆಯವನೋ ಆಗಬಹುದಿತ್ತು. ಅದಕ್ಕೆ ಮೊದಲನೆಯವನು ಕೇಜಿನಲ್ಲಿ ಇಳಿದಿರಬೇಕಿತ್ತು.

ಬಾಗಿಲು ಹಾಕಿದ ದಿನ

1956ರಲ್ಲಿ ಗಣಿಗಳು ಮೈಸೂರು ರಾಜ್ಯದ ಕೈಗೆ ಬಂದವು. 1962ರಲ್ಲಿ ಕೇಂದ್ರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಸಾಹೇಬರ ಬಂಗಲೆಗಳಿಗೆ ನಮ್ಮವರೇ ಅಧಿಕಾರಿಗಳಾಗಿ ಬಂದರು. 1964ರಲ್ಲಿ ಬಿಇಎಂಎಲ್ ಆರಂಭವಾದ ಮೇಲೆ ಊರಿನ ಹುಡುಗರಿಗೆ ನೆಲದ ಮೇಲಿನ ಇನ್ನೊಂದು ಕಾರ್ಖಾನೆಯ ಬಾಗಿಲು ತೆರೆಯಿತು. ಆದರೆ ಬಾವಿಗಳ ಲೆಕ್ಕ ತಿರುವು ಪಡೆದಾಗಿತ್ತು. ಆರಂಭದ ದಶಕಗಳಲ್ಲಿ ಟನ್ ಅದಿರಿಗೆ ಹತ್ತಾರು ಗ್ರಾಂ ಸಿಗುತ್ತಿದ್ದ ಚಿನ್ನ ಕೊನೆಕೊನೆಗೆ ಮೂರು ಗ್ರಾಮಿನ ಆಸುಪಾಸಿಗೆ ಇಳಿದಿತ್ತು. ಆಳ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಸಾಲದ್ದಕ್ಕೆ, ಎಷ್ಟೋ ವರ್ಷ ಸರ್ಕಾರ ಗಣಿಯ ಚಿನ್ನವನ್ನು ಪೇಟೆಯ ದರಕ್ಕಿಂತ ಬಹಳ ಕಡಿಮೆಯಾದ ಅಂತರರಾಷ್ಟ್ರೀಯ ದರಕ್ಕೆ ಕೊಂಡಿತು. ಹಾಗೆ ಕೊಂಡು, ಆಮೇಲೆ ಗಣಿ ನಷ್ಟದಲ್ಲಿದೆ ಎಂದು ಬರೆದಿಟ್ಟಿತು.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆ ಹೊತ್ತಿಗೆ ಕೆಲಸದಲ್ಲಿ ಉಳಿದಿದ್ದವರು ಮೂರೂವರೆ ಸಾವಿರಕ್ಕೂ ಹೆಚ್ಚು. 121 ವರ್ಷಗಳಲ್ಲಿ ಹೊರಬಂದ ಚಿನ್ನ ಸುಮಾರು 800 ಟನ್. ನೀರೆತ್ತುವ ಪಂಪುಗಳು ನಿಂತವು, ಬಾವಿಗಳು ಕೆಳಗಿನಿಂದ ತುಂಬತೊಡಗಿದವು. ಬೇರೆ ಊರಿನಲ್ಲಿ ಕಾರ್ಖಾನೆ ಮುಚ್ಚಿದರೆ ಸಂಬಳ ಹೋಗುತ್ತದೆ. ಇಲ್ಲಿ ಆಸ್ಪತ್ರೆ, ನೀರು, ದೀಪ, ಮನೆ ಎಲ್ಲವೂ ಒಂದೇ ಮಸ್ಟರ್ ರೋಲಿಗೆ ಕಟ್ಟಿಹಾಕಿದ್ದವು. ಇಡೀ ದಕ್ಷಿಣ ಭಾರತದಲ್ಲಿ ಹೆಸರು ಮಾಡಿದ್ದ ಗಣಿಯ ಆಸ್ಪತ್ರೆ ಖಾಲಿಯಾಯಿತು. ಆ ವರ್ಷ ಶಾಲೆಯಲ್ಲಿದ್ದ ಮಕ್ಕಳೇ ಅಪ್ಪನ ಬಾವಿಗೆ ಇಳಿಯುವ ಹಂಗಿಲ್ಲದ ಮೊದಲ ತಲೆಮಾರು. ಆ ಬಿಡುಗಡೆಗೆ ತೆತ್ತ ಬೆಲೆಯನ್ನು ಅವರು ಮನೆಯೊಳಗೇ ಕಂಡರು. ಐವತ್ತರ ಅಂಚಿನಲ್ಲಿ ಕೆಲಸ ಕಳೆದುಕೊಂಡ ಅಪ್ಪ, ಬಾಕಿ ಹಣಕ್ಕಾಗಿ ಅಲೆದಾಟ, ಮನೆಯ ಹಕ್ಕುಪತ್ರ ಕೊಡಿ ಎಂಬ ಧರಣಿ.

ಆ ಮಕ್ಕಳು ಊರು ಬಿಟ್ಟು ಹೋಗುತ್ತಾರೆ ಎಂದೇ ಬಹಳ ಮಂದಿ ಅಂದುಕೊಂಡಿದ್ದರು. ಎಷ್ಟೋ ಮಂದಿ ಹೋದರು ಕೂಡ. ಉಳಿದವರು ಬೇರೆ ದಾರಿ ಹಿಡಿದರು. ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲುಗಳಲ್ಲಿ ಸಾವಿರಾರು ಜನ ದಿನವೂ ಸುಮಾರು 100 ಕಿ.ಮೀ. ದೂರ ಹೋಗುತ್ತಾರೆ. ಸೆಕ್ಯೂರಿಟಿ ಕೆಲಸ, ಗಾರ್ಮೆಂಟ್ಸ್, ಆಸ್ಪತ್ರೆ, ಸಾಫ್ಟ್‌ವೇರ್ ಕಂಪನಿ ಎಲ್ಲಕ್ಕೂ ಆ ರೈಲಿನಲ್ಲಿ ಜನ ಇದ್ದಾರೆ. ರಾತ್ರಿ ಅದೇ ರೈಲಿನಲ್ಲಿ ವಾಪಸು. ಮುತ್ತಜ್ಜನನ್ನು ಕರೆತರಲು ನೆರವಾದ ಹಳಿಯ ಮೇಲೆಯೇ ಈ ಓಡಾಟ. ಹೊರಗಿನವರಿಗೆ ಇದು ಹುಚ್ಚೆನಿಸಬಹುದು. ಬೆಂಗಳೂರಿನ ಬಾಡಿಗೆಯೊಂದರಿಂದಲೇ ಇದನ್ನು ವಿವರಿಸಲಾಗುವುದಿಲ್ಲ. ಹಿಂದಿನವರು ಕೆಲಸ ಇತ್ತು ಎಂಬ ಕಾರಣಕ್ಕೆ ಆ ಹತ್ತಡಿಯ ಮನೆಯಲ್ಲಿ ಇದ್ದರು. ಇವರು ಆ ಮನೆಯಲ್ಲಿ ಇರಬೇಕು ಎಂಬ ಕಾರಣಕ್ಕೆ ಇಷ್ಟು ದೂರದ ಕೆಲಸ ಮಾಡುತ್ತಾರೆ. ಕಂಪನಿ ಹಾಕಿದ್ದ ಕರಾರನ್ನು ಗಣಿಗರ ಮೊಮ್ಮಕ್ಕಳು ತಿರುವಿ ಹಾಕಿದ್ದಾರೆ. ಕೆಜಿಎಫ್ ಖಾಲಿ ಊರಾಗದೆ ಉಳಿದಿರುವುದಕ್ಕೆ ಯಾವ ಸರ್ಕಾರದ ಯೋಜನೆಗಿಂತಲೂ ಈ ರೈಲಿನ ಪಾಸುಗಳೇ ಹೆಚ್ಚು ಕಾರಣ.